ಯಾರ ಪ್ಲಗ್ಗು, ಎಷ್ಟು ಹೊತ್ತಿಗೆ?

ವಿದ್ಯುತ್ ಕಾರು ಕೊಂಡವರಿಗೆ ಜನ ಮೊದಲು ಕೇಳುವುದು ‘ಒಂದು ಸಲ ಚಾರ್ಜ್ ಮಾಡಿದರೆ ಎಷ್ಟು ಓಡುತ್ತೆ?’ ಅಂತ. ಆಮೇಲೆ ಕೇಳುವುದು ‘ಕಿಲೋಮೀಟರಿಗೆ ಎಷ್ಟು ಬೀಳುತ್ತೆ?’ ಅಂತ. ಮೊದಲನೆಯದಕ್ಕೆ ಕಾರಿನ ಪರದೆ ನೋಡಿ ಉತ್ತರ ಹೇಳಬಹುದು. ಎರಡನೆಯದಕ್ಕೆ ಕಾರಿನೊಳಗೆ ಎಲ್ಲೂ ಉತ್ತರ ಸಿಗುವುದಿಲ್ಲ. ಅದೇ ಕಾರು, ಅದೇ ರಸ್ತೆ. ಆದರೂ ಒಬ್ಬರಿಗೆ ಕಿಲೋಮೀಟರಿಗೆ ಒಂದು ರೂಪಾಯಿ ಚಿಲ್ಲರೆ ಬಿದ್ದರೆ ಪಕ್ಕದ ಬೀದಿಯವರಿಗೆ ಮೂರು ರೂಪಾಯಿ ಬೀಳುತ್ತದೆ. ಪ್ಲಗ್ಗು ಯಾರದ್ದು, ಅದಕ್ಕೆ ಕಾರನ್ನು ಸಿಕ್ಕಿಸುವುದು ಎಷ್ಟು ಹೊತ್ತಿಗೆ ಎಂಬುದರ ಮೇಲೆ ಇಡೀ ಲೆಕ್ಕ ನಿಂತಿದೆ.

ಈ ಮಾತು ಕೊಚ್ಚಿಯಲ್ಲಿ ಇದ್ದಷ್ಟು ಸ್ಪಷ್ಟವಾಗಿ ಬೇರೆಡೆ ಕಾಣಿಸಲಿಕ್ಕಿಲ್ಲ. ವಿದ್ಯುತ್ ವಾಹನಗಳನ್ನು ಒಪ್ಪಿಕೊಳ್ಳುವುದರಲ್ಲಿ ಕೇರಳ ದೇಶದ ಮುಂಚೂಣಿಯಲ್ಲಿದೆ. ಎರ್ನಾಕುಳಂನ ಹೈಕೋರ್ಟ್ ಕಡೆಯಿಂದ ಗೋಶ್ರೀ ಸೇತುವೆ ಹತ್ತಿ ಬೋಳ್ಗಾಟಿ ದಾಟಿದರೆ ವಲ್ಲಾರ್ಪಾಡಂ ದ್ವೀಪ. ಒಂದು ಕಡೆ ವಲ್ಲಾರ್ಪಾಡತ್ತಮ್ಮನ ಬಸಿಲಿಕಾ, ಇನ್ನೊಂದು ಕಡೆ 2011ರಲ್ಲಿ ಶುರುವಾದ ಕಂಟೇನರ್ ಟರ್ಮಿನಲ್ಲಿನ ಎತ್ತರದ ಕ್ರೇನುಗಳು. ಈ ಸೇತುವೆಗಳು ಬಂದದ್ದು 2004ರಲ್ಲಿ. ಅಲ್ಲಿಯವರೆಗೆ ದ್ವೀಪದವರಿಗೆ ದೋಣಿಯೇ ಗತಿಯಾಗಿತ್ತು. ಈಗ ಕಾರು ಸೇತುವೆ ದಾಟಿ ಬರುತ್ತದೆ, ಆದರೆ ಎಷ್ಟೋ ಮನೆಗಳ ಅಂಗಳಕ್ಕೆ ಬರುವುದಿಲ್ಲ. ಓಣಿಗಳು ಕಿರಿದು, ಕಾರನ್ನು ರಸ್ತೆ ಬದಿಯಲ್ಲಿ ಬಿಟ್ಟು ಮನೆಗೆ ನಡೆದು ಹೋಗಬೇಕು. ಅಂಥವರ ಮನೆಯಲ್ಲಿ ಕರೆಂಟಿದೆ, ಕಾರೂ ಇದೆ, ಎರಡನ್ನೂ ಕೂಡಿಸುವ ದಾರಿ ಮಾತ್ರ ಇಲ್ಲ. ಬೆಂಗಳೂರಿನ ಬಾಡಿಗೆ ಮನೆಯವರಿಗೂ ಹಳೇ ಅಪಾರ್ಟ್‌ಮೆಂಟಿನವರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮನೆಯಲ್ಲಿ ಪ್ಲಗ್ಗು ಇರುವ ಭಾಗ್ಯವಂತರ ಲೆಕ್ಕವನ್ನೇ ಮೊದಲು ನೋಡೋಣ. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡುವ ಮಧ್ಯಮ ಗಾತ್ರದ ಕಾರು ಎಂದಿಟ್ಟುಕೊಳ್ಳಿ. ಅದು ಯೂನಿಟ್ಟಿಗೆ ಏಳು ಕಿಲೋಮೀಟರ್ ಕೊಟ್ಟರೆ ಬ್ಯಾಟರಿಗೆ 143 ಯೂನಿಟ್ ಬೇಕು. ಮನೆಯ ಎಸಿ ಕರೆಂಟು ಡಿಸಿಯಾಗಿ ಬ್ಯಾಟರಿ ಸೇರುವಷ್ಟರಲ್ಲಿ ಶೇ 10ಕ್ಕೂ ಹೆಚ್ಚು ಶಾಖವಾಗಿ ಹೋಗುತ್ತದೆ. ಹಾಗಾಗಿ ಮೀಟರಿನಲ್ಲಿ ಓಡುವುದು 160 ಯೂನಿಟ್ಟಿನ ಆಸುಪಾಸು. ಕಾರಿನ ಪರದೆ ತೋರಿಸುವ ಅಂಕಿಗೂ ಕರೆಂಟು ಬಿಲ್ಲಿಗೂ ತಾಳೆಯಾಗುವುದಿಲ್ಲ ಎಂಬ ಗೊಂದಲ ಹುಟ್ಟುವುದು ಇಲ್ಲೇ.

ಕೇರಳ ವಿದ್ಯುತ್ ಮಂಡಳಿಯ ಮನೆ ದರಕ್ಕೆ ಒಂದು ವಿಶೇಷವಿದೆ. ತಿಂಗಳಿಗೆ 250 ಯೂನಿಟ್‌ವರೆಗೆ ದರ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಕೆಳಗಿನ ಮೆಟ್ಟಿಲಿನ ಅಗ್ಗದ ಯೂನಿಟ್ಟುಗಳು ನಿಮಗೆ ಉಳಿದೇ ಇರುತ್ತವೆ. 250 ದಾಟಿದಿರೋ, ಮೆಟ್ಟಿಲುಗಳೆಲ್ಲ ಮಾಯ. ಮೊದಲ ಯೂನಿಟ್ಟಿನಿಂದಲೇ ಹೆಚ್ಚಿನ ದರ. ತಿಂಗಳಿಗೆ 200 ಯೂನಿಟ್ ಬಳಸುತ್ತಿದ್ದ ಮನೆಗೆ ಸ್ಥಿರ ಶುಲ್ಕ, ಸುಂಕ ಬಿಟ್ಟು ಸಾವಿರ ರೂಪಾಯಿ ಆಸುಪಾಸು ಬರುತ್ತಿತ್ತು. ಕಾರಿನ 160 ಸೇರಿ 360 ಆದಾಗ ಅದು 2,800 ರೂಪಾಯಿ ದಾಟುತ್ತದೆ. ಅಂದರೆ ಕಾರಿನ ಪಾಲಿಗೆ ಬಿದ್ದದ್ದು 1,800 ರೂಪಾಯಿ, ಯೂನಿಟ್ಟಿಗೆ ಹನ್ನೊಂದರ ಮೇಲೆ. ಶೋರೂಮಿನಲ್ಲಿ ಯೂನಿಟ್ಟಿಗೆ ಆರೇಳು ರೂಪಾಯಿ ಎಂದು ಹಾಕಿಕೊಟ್ಟ ಲೆಕ್ಕ ಮೊದಲ ಬಿಲ್ಲಿಗೇ ಕೆಡುತ್ತದೆ. ಬಿಲ್ಲು ಬರುವುದು ಎರಡು ತಿಂಗಳಿಗೊಮ್ಮೆಯಾದ್ದರಿಂದ ಏಟು ಒಟ್ಟಿಗೇ ಬೀಳುತ್ತದೆ.

ಕರ್ನಾಟಕದಲ್ಲಿ ಇದೇ ಕಥೆ ಬೇರೆ ರೂಪದಲ್ಲಿದೆ. 2023ರ ಆಗಸ್ಟಿನಲ್ಲಿ ಬಂದ ಗೃಹಜ್ಯೋತಿಯಲ್ಲಿ ಬಳಕೆ 200 ಯೂನಿಟ್ ದಾಟಿದರೆ ಇಡೀ ಬಿಲ್ಲು ಕಟ್ಟಬೇಕು. ಶೂನ್ಯ ಬಿಲ್ಲಿನಲ್ಲಿದ್ದ 130 ಯೂನಿಟ್ಟಿನ ಮನೆಗೆ ಕಾರು ಬಂದು 290 ಆದರೆ, 160ಕ್ಕೆ ಮಾತ್ರವಲ್ಲ, ಅಷ್ಟಕ್ಕೂ ದುಡ್ಡು ತೆರಬೇಕು. ಕಾರು ಕೊಳ್ಳುವ ಮುಂಚೆ ಮನೆಯವರು ಮಾಡಬೇಕಾದ ಮೊದಲ ಕೆಲಸವೆಂದರೆ ಹಳೆಯ ಆರು ತಿಂಗಳ ಕರೆಂಟು ಬಿಲ್ಲು ತೆಗೆದು ಮೇಜಿನ ಮೇಲೆ ಹರಡಿಕೊಳ್ಳುವುದು.

ಇಷ್ಟಾದರೂ ಕಿಲೋಮೀಟರಿಗೆ ಬೀಳುವುದು 1 ರೂಪಾಯಿ 80 ಪೈಸೆ. ಕೊಚ್ಚಿಯಲ್ಲಿ ಪೆಟ್ರೋಲ್ ಲೀಟರಿಗೆ 105 ರೂಪಾಯಿ ಎಂದು ಹಿಡಿದರೆ, ನಗರದ ದಟ್ಟಣೆಯಲ್ಲಿ ಲೀಟರಿಗೆ 15 ಕೊಡುವ ಕಾರಿಗೆ ಏಳು ರೂಪಾಯಿ. ವರ್ಷಕ್ಕೆ 12 ಸಾವಿರ ಕಿಲೋಮೀಟರ್ ಓಡಿಸುವವರಿಗೆ 62 ಸಾವಿರ ರೂಪಾಯಿ ಉಳಿತಾಯ. ಕಾರಿಗೆ ಹೆಚ್ಚು ಕೊಟ್ಟದ್ದು ಮೂರು ಲಕ್ಷವಾಗಿದ್ದರೆ ಐದು ವರ್ಷದೊಳಗೆ ಹುಟ್ಟಿತು. ತಿಂಗಳಿಗೆ ಐನೂರೇ ಕಿಲೋಮೀಟರ್ ಓಡಿಸುವವರಿಗೆ ಹುಟ್ಟಲು ಹತ್ತು ವರ್ಷದ ಆಸುಪಾಸು ಹಿಡಿಯುತ್ತದೆ. ಹೆಚ್ಚು ಓಡಿಸುವವರಿಗೆ ಲಾಭ, ಕಡಿಮೆ ಓಡಿಸುವವರಿಗೆ ಬರೀ ಸಮಾಧಾನ. ಮನೆಯ ಚಾವಣಿಯಲ್ಲಿ ಸೌರ ಫಲಕ ಇದ್ದವರ ದಾರಿಯೇ ಬೇರೆ. ಮೂರು ಕಿಲೋವ್ಯಾಟಿನ ಫಲಕ ದಿನಕ್ಕೆ ಸರಾಸರಿ 12 ಯೂನಿಟ್ ಕೊಡುತ್ತದೆ, ಅಷ್ಟರಲ್ಲಿ ಕಾರಿನ ಪಾಲು ಕಳೆದು ಮಿಕ್ಕೀತು. 2024ರ ಫೆಬ್ರುವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟಿಗೆ 78 ಸಾವಿರ ರೂಪಾಯಿ ಸಹಾಯಧನವಿದೆ.

ಇನ್ನು ಮನೆಯ ಪ್ಲಗ್ಗಿನ ತಾಪತ್ರಯ. ತಿರುವನಂತಪುರದ ಗುಡ್ಡದ ಇಳಿಜಾರಿನಲ್ಲಿರುವ ಬಂಧುಗಳ ಮನೆಯಲ್ಲಿ ಮಾರ್ಚ್ ತಿಂಗಳಲ್ಲಿ ಕಾರನ್ನು ಸಿಕ್ಕಿಸಿದರೆ ಪೋರ್ಟಬಲ್ ಚಾರ್ಜರಿನಲ್ಲಿ ಕೆಂಪು ದೀಪ ಮಿಣುಕುತ್ತದೆ, ಚಾರ್ಜ್ ಆಗುವುದಿಲ್ಲ. ಅದೇ ಪ್ಲಗ್ಗಿನಲ್ಲಿ ಗ್ರೈಂಡರು ಓಡುತ್ತದೆ, ಗೀಸರು ಓಡುತ್ತದೆ. ಎಲೆಕ್ಟ್ರಿಷಿಯನ್ ಬಂದು ಮಲ್ಟಿಮೀಟರಿನ ಒಂದು ಕಡ್ಡಿಯನ್ನು ನ್ಯೂಟ್ರಲ್ಲಿಗೂ ಇನ್ನೊಂದನ್ನು ಅರ್ತಿಂಗಿಗೂ ಹಿಡಿದ. ಅಲ್ಲಿ ವೋಲ್ಟೇಜ್ ಹೆಚ್ಚು ಇರಬಾರದಿತ್ತು, ಇತ್ತು. ಅವನು ಮಾತಾಡದೆ ಹಿತ್ತಿಲಿಗೆ ಹೋಗಿ ಅರ್ತಿಂಗ್ ಗುಂಡಿಯ ಮುಚ್ಚಳ ತೆಗೆದು ಎರಡು ಬಕೆಟ್ ನೀರು ಸುರಿದ. ಸ್ವಲ್ಪ ಹೊತ್ತಿನಲ್ಲಿ ಹಸಿರು ದೀಪ ಹತ್ತಿತು. ಜಂಬಿಟ್ಟಿಗೆ ಮಣ್ಣು ನೀರು ಹಿಡಿಯುವುದಿಲ್ಲ. ಬೇಸಿಗೆಯಲ್ಲಿ ಒಣಗಿದರೆ ಕರೆಂಟು ಭೂಮಿಗೆ ಇಳಿಯುವ ದಾರಿಯೇ ಕಟ್ಟಿಹೋಗುತ್ತದೆ. ಗೀಸರಿಗೆ ಅದು ಗೊತ್ತಾಗುವುದಿಲ್ಲ, ಕಾರಿನ ಚಾರ್ಜರಿಗೆ ಗೊತ್ತಾಗುತ್ತದೆ. ಕಾರು ಮುಟ್ಟಿದವರಿಗೆ ಶಾಕ್ ಹೊಡೆಯಬಾರದೆಂದು ಅದು ತಾನಾಗಿ ನಿಲ್ಲುತ್ತದೆ. ಮರುದಿನ ಅವನು ಇದ್ದಿಲು, ಉಪ್ಪು ತುಂಬಿ ಹೊಸ ಗುಂಡಿ ಮಾಡಿಕೊಟ್ಟ. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ಮುರಕಲ್ಲು ನೆಲದಲ್ಲೂ ಇದೇ ತೊಂದರೆ ಬರುವಂಥದ್ದು. ಕಾರು ಹಾಳಾಗಿದೆಯೆಂದು ಸರ್ವಿಸ್ ಸೆಂಟರಿಗೆ ಓಡುವ ಮೊದಲು ಹಿತ್ತಿಲಿನ ಗುಂಡಿಯನ್ನೊಮ್ಮೆ ನೋಡಬೇಕು.

ಪ್ಲಗ್ಗಿನ ಗುಣಮಟ್ಟದ್ದೂ ಚಿಕ್ಕ ಸಂಗತಿಯಲ್ಲ. ಇಸ್ತ್ರಿ ಪೆಟ್ಟಿಗೆ ಹತ್ತು ನಿಮಿಷ ಓಡುವ ಕಡೆ ಕಾರು ಎಂಟು ಗಂಟೆ ಒಂದೇ ಸಮನೆ 15 ಆಂಪಿಯರ್ ಎಳೆಯುತ್ತದೆ. ಅಗ್ಗದ ಸಾಕೆಟ್ಟಿನ ಒಳಗಿನ ಹಿತ್ತಾಳೆ ಸಡಿಲವಾಗಿದ್ದರೆ ಪ್ಲಾಸ್ಟಿಕ್ ಕಂದಿ, ಕರಗಿ, ಸುಟ್ಟ ವಾಸನೆ ಬರುತ್ತದೆ. ಬೋರ್ಡಿನಿಂದ ನೇರ ಬೇರೆ ತಂತಿ, ಬೇರೆ ಎಂಸಿಬಿ, ಶಾಕ್ ತಡೆಯುವ ಆರ್‌ಸಿಸಿಬಿ, ದಪ್ಪ ಇಂಡಸ್ಟ್ರಿಯಲ್ ಸಾಕೆಟ್ ಹಾಕಿಸುವ ಕೆಲವು ಸಾವಿರ ರೂಪಾಯಿಯಲ್ಲಿ ಚೌಕಾಸಿ ಮಾಡಲೇಬಾರದು.

ಊರು ಬಿಟ್ಟು ಹೊರಟಾಗ ಆಟವೇ ಬದಲಾಗುತ್ತದೆ. ವಲ್ಲಾರ್ಪಾಡಂ ಟರ್ಮಿನಲ್ಲಿನಿಂದ ತಿರುವನಂತಪುರದಾಚೆ, 2025ರ ಮೇ 2ರಂದು ಉದ್ಘಾಟನೆಯಾದ ವಿಳಿಂಜಂ ಬಂದರಿಗೆ 220 ಕಿಲೋಮೀಟರಿನ ಆಸುಪಾಸು. ಆಲಪ್ಪುಳ, ಕೊಲ್ಲಂ ಹಾದುಹೋಗುವ ಇದೇ ರಾಷ್ಟ್ರೀಯ ಹೆದ್ದಾರಿ 66 ಉತ್ತರಕ್ಕೆ ಕಾಸರಗೋಡು, ಮಂಗಳೂರು, ಉಡುಪಿ, ಕಾರವಾರ ದಾಟಿ ಮುಂಬೈ ಪಕ್ಕದ ಪನ್ವೇಲ್‌ವರೆಗೆ ಹೋಗುತ್ತದೆ. ಜಾಹೀರಾತಿನಲ್ಲಿ 330 ಕಿಲೋಮೀಟರ್ ಎಂದು ಬರೆದಿರುವ ಕಾರು ಎಸಿ ಹಾಕಿಕೊಂಡು ಹೆದ್ದಾರಿಯಲ್ಲಿ ಹೊರಟರೆ 230-250 ಕೊಡುತ್ತದೆ. ಜಾಹೀರಾತಿನ ಅಂಕಿ ಪ್ರಯೋಗಶಾಲೆಯ ಉರುಳೆಗಳ ಮೇಲೆ ಹದವಾದ ವೇಗದಲ್ಲಿ ಓಡಿಸಿ ತೆಗೆದದ್ದು. ಇಡೀ ದಾರಿ ಒಂದೇ ಚಾರ್ಜಿನಲ್ಲಿ ಮುಗಿದೀತು, ಮುಗಿಯದೆಯೂ ಇದ್ದೀತು. ಈ ಅನುಮಾನವೇ ಹರಿಪ್ಪಾಡ್, ಕರುನಾಗಪಳ್ಳಿ ಬರುವಷ್ಟರಲ್ಲಿ ಚಾಲಕನ ಕಣ್ಣನ್ನು ರಸ್ತೆಯಿಂದ ಕಿತ್ತು ಶೇಕಡಾವಾರಿನ ಮೇಲೆ ನೆಡುತ್ತದೆ. ದಟ್ಟಣೆಯ ಮಟ್ಟಿಗೆ ಮಾತ್ರ ಭಯವಿಲ್ಲ. ಅರೂರು-ತುರವೂರು ಮೇಲ್ಸೇತುವೆ ಕಾಮಗಾರಿಯಿಂದ ಆ ದಾರಿಯವರು ಪಟ್ಟ ಪಾಡು ದೊಡ್ಡದು. ಪೆಟ್ರೋಲ್ ಕಾರು ಅಲ್ಲಿ ನಿಂತಲ್ಲೇ ಎಣ್ಣೆ ಸುಡುತ್ತದೆ, ವಿದ್ಯುತ್ ಕಾರಿಗೆ ಗಂಟೆಗಟ್ಟಲೆ ನಿಂತರೂ ಎಸಿಗೆ ಗಂಟೆಗೆ ಒಂದು ಯೂನಿಟ್ಟಿನ ಆಸುಪಾಸು ಸಾಕು.

ದಾರಿಯಲ್ಲಿ ಚಾರ್ಜರುಗಳಿವೆ, ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಲೂ ಇವೆ. ಆದರೆ ಒಂದೊಂದು ಕಂಪನಿಗೆ ಒಂದೊಂದು ಆ್ಯಪ್. ಒಂದೊಂದರಲ್ಲೂ ಮೊದಲೇ ದುಡ್ಡು ತುಂಬಬೇಕು, ಮಿಕ್ಕ ಚಿಲ್ಲರೆ ಅಲ್ಲಲ್ಲೇ ಸಿಕ್ಕಿಕೊಂಡಿರುತ್ತದೆ. ನೆಟ್‌ವರ್ಕ್ ಇಲ್ಲದ ಕಡೆ ಓಟಿಪಿ ಬರುವುದಿಲ್ಲ. ಆ್ಯಪ್‌ನಲ್ಲಿ ‘ಲಭ್ಯ’ ಎಂದಿದ್ದ ಚಾರ್ಜರಿನ ಮುಂದೆ ಪೆಟ್ರೋಲ್ ಕಾರೊಂದು ಆರಾಮವಾಗಿ ನಿಂತಿರುತ್ತದೆ, ಅದರ ಮಾಲೀಕರು ಊಟಕ್ಕೆ ಹೋಗಿರುತ್ತಾರೆ. ಕರ್ಕಾಟಕದ ಜಡಿಮಳೆಯಲ್ಲಿ ಸೂರಿಲ್ಲದ ಚಾರ್ಜರಿನ ಎದುರು ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಕೇಬಲ್ಲಿನ ತುದಿಯ ಆ ಭಾರದ ಗನ್ನು ಹಿಡಿದು, ಫೋನನ್ನು ಕತ್ತಿಗೂ ಭುಜಕ್ಕೂ ನಡುವೆ ಸಿಕ್ಕಿಸಿ ಸಹಾಯವಾಣಿಯವರ ಜೊತೆ ಮಾತಾಡುವ ಹೆಂಗಸರನ್ನು, ವಯಸ್ಸಾದವರನ್ನು ನೋಡಿದರೆ ಸಂಕಟವಾಗುತ್ತದೆ. ಪೆಟ್ರೋಲ್ ಬಂಕಿನಲ್ಲಿ ಒಬ್ಬ ಮನುಷ್ಯ ಇರುತ್ತಾನೆ. ಇಲ್ಲಿ ಯಾರೂ ಇಲ್ಲ.

60 ಕಿಲೋವ್ಯಾಟ್ ಎಂದು ಬರೆದ ಯಂತ್ರಕ್ಕೆ ಎರಡು ಗನ್ನಿದ್ದು, ಎರಡನೇ ಕಾರು ಬಂದರೆ ಎಷ್ಟೋ ಕಡೆ ತಲಾ 30 ಆಗುತ್ತದೆ. ಶೇ 80ರ ನಂತರ ಬ್ಯಾಟರಿ ತನ್ನ ರಕ್ಷಣೆಗೆ ತಾನೇ ವೇಗ ಇಳಿಸುತ್ತದೆ; ಕೊನೆಯ ಇಪ್ಪತ್ತಕ್ಕೆ ಮೊದಲ ಅರವತ್ತರಷ್ಟೇ ಹೊತ್ತು ಹಿಡಿಯಬಹುದು. ಸರದಿಯಲ್ಲಿ ಜನ ಕಾಯುತ್ತಿರುವಾಗ ನೂರು ಮಾಡಿಕೊಂಡೇ ಏಳುತ್ತೇನೆ ಎಂದು ಕೂರುವುದು ನ್ಯಾಯವಲ್ಲ. ದರದ ಮಾತಿಗೆ ಬಂದರೆ ತೆರಿಗೆ ಸೇರಿ ಯೂನಿಟ್ಟಿಗೆ 20 ರೂಪಾಯಿ ಆಸುಪಾಸು. ಅದನ್ನೇ ಅವಲಂಬಿಸಿದವರಿಗೆ ಕಿಲೋಮೀಟರಿಗೆ ಮೂರು ರೂಪಾಯಿ ಬೀಳುತ್ತದೆ, ಮೂರು ಲಕ್ಷ ಹುಟ್ಟಲು ಆರು ವರ್ಷ ದಾಟುತ್ತದೆ. ನನಗೆ ಇದರಲ್ಲಿ ಸಹಿಸಲಾಗದ್ದು ಒಂದಿದೆ. ಮನೆಯ ಕರೆಂಟಿಗೆ ಜಿಎಸ್‌ಟಿ ಇಲ್ಲ, ಸಾರ್ವಜನಿಕ ಚಾರ್ಜಿಂಗಿಗೆ ಶೇ 18 ಇದೆ. ಸ್ವಂತ ಮನೆ, ಸ್ವಂತ ಗ್ಯಾರೇಜು ಇದ್ದವನಿಗೆ ರಿಯಾಯಿತಿ. ಓಣಿಯ ಮನೆಯವನಿಗೆ, ಬಾಡಿಗೆದಾರನಿಗೆ ದಂಡ. ವಿದ್ಯುತ್ ಕಾರನ್ನೇ ಶೇ 5ರ ಜಿಎಸ್‌ಟಿಗೆ ಇಳಿಸಿದ ಸರ್ಕಾರ ಅದರ ಆಹಾರಕ್ಕೆ ಶೇ 18 ಹಾಕಿ ಕೂತಿರುವುದು ತಪ್ಪು.

ಅದೇ ಕೊಚ್ಚಿಯ ಹಿನ್ನೀರಿನಲ್ಲಿ, ವಲ್ಲಾರ್ಪಾಡಂನ ಕಣ್ಣೆದುರೇ, ವಿದ್ಯುತ್ತಿನಲ್ಲಿ ಓಡುವ ವಾಹನ ಎಷ್ಟು ನಿರಾಳವಾಗಿ ನಡೆಯಬಹುದು ಎಂಬುದಕ್ಕೆ ಸಾಕ್ಷಿಯಿದೆ. 2023ರ ಏಪ್ರಿಲಿನಲ್ಲಿ ಶುರುವಾದ ವಾಟರ್ ಮೆಟ್ರೊದ ಮೊದಲ ದಾರಿ ಹೈಕೋರ್ಟ್-ವೈಪಿನ್. ಕೊಚ್ಚಿನ್ ಶಿಪ್‌ಯಾರ್ಡ್ ಕಟ್ಟಿದ ನೂರು ಜನರ ದೋಣಿಗಳಲ್ಲಿ ಲಿಥಿಯಂ ಟೈಟನೇಟ್ ಬ್ಯಾಟರಿಯಿದೆ. ಅದರ ತೂಕ ಹೆಚ್ಚು, ಬೆಲೆಯೂ ಹೆಚ್ಚು, ಆದರೆ ಜನ ಇಳಿದು ಹತ್ತುವ ಬಿಡುವಿನಲ್ಲೇ ಹತ್ತು ಹದಿನೈದು ನಿಮಿಷದಲ್ಲಿ ತುಂಬುತ್ತದೆ. ಅದಕ್ಕೂ ಮೊದಲೇ, 2017ರ ಜನವರಿಯಲ್ಲಿ, ವೈಕಂ-ತವಣಕಡವು ನಡುವೆ ರಾಜ್ಯ ಜಲಸಾರಿಗೆ ಇಲಾಖೆಯ ಸೌರದೋಣಿ ‘ಆದಿತ್ಯ’ ಬಂತು. ಈ ದೋಣಿಗಳ ಪ್ರಯಾಣಿಕರು ಚಾರ್ಜಿನ ಬಗ್ಗೆ ಯೋಚಿಸುವುದೇ ಇಲ್ಲ, ಯಾಕೆಂದರೆ ಅದು ಬೇರೊಬ್ಬರ ನೌಕರಿ. ಜೆಟ್ಟಿ, ಪ್ಲಗ್ಗು, ವೇಳಾಪಟ್ಟಿ ಮೂರನ್ನೂ ಒಟ್ಟಿಗೆ ಯೋಚಿಸಿ ಕಟ್ಟಿದ್ದಾರೆ. ಕಾರಿನವರಿಗೆ ಕಾರನ್ನಷ್ಟೇ ಮಾರಿ, ಮಿಕ್ಕದ್ದನ್ನು ಅವರವರ ಹಣೆಬರಹಕ್ಕೆ ಬಿಟ್ಟಿದ್ದೇವೆ.

ಉಳಿದ ಖರ್ಚುಗಳು ದೊಡ್ಡವಲ್ಲ, ಆದರೆ ತಿಳಿದಿರಬೇಕು. ಆಯಿಲ್ ಇಲ್ಲ, ಕ್ಲಚ್ ಇಲ್ಲ, ಸರ್ವಿಸ್ ಬಿಲ್ಲು ಸಣ್ಣದು. ಥರ್ಡ್ ಪಾರ್ಟಿ ವಿಮೆಯಲ್ಲಿ ಶೇ 15 ರಿಯಾಯಿತಿಯಿದೆ; 30ರಿಂದ 65 ಕಿಲೋವ್ಯಾಟ್ ಶಕ್ತಿಯ ಕಾರಿಗೆ 2022ರಲ್ಲಿ ನಿಗದಿಯಾದ ವಾರ್ಷಿಕ ಮೂಲ ಕಂತು 2,904 ರೂಪಾಯಿ. ಸ್ವಂತ ಕಾರಿನ ಹಾನಿಯ ಭಾಗ ಮಾತ್ರ ಹೆಚ್ಚು, ಕಾರಿನ ಬೆಲೆಯೇ ಹೆಚ್ಚಲ್ಲವೇ. ತೂಕ ಮತ್ತು ಥಟ್ಟನೆ ಬರುವ ಎಳೆತದಿಂದ ಟಯರ್ ಬೇಗ ಸವೆಯುತ್ತದೆ. ಬ್ರೇಕಿನ ಕೆಲಸವನ್ನು ಮೋಟರೇ ಮಾಡುವುದರಿಂದ ಬ್ರೇಕ್ ಪ್ಯಾಡ್ ಬಾಳಿಕೆ ಬರುತ್ತದೆ, ಆದರೆ ಕೊಚ್ಚಿಯ ಉಪ್ಪುಗಾಳಿಯಲ್ಲಿ ಬಳಕೆಯಿಲ್ಲದ ಡಿಸ್ಕಿಗೆ ತುಕ್ಕು ಹಿಡಿಯುತ್ತದೆ. ಆಗಾಗ ಗಟ್ಟಿಯಾಗಿ ಬ್ರೇಕ್ ಒತ್ತಿ ಉಜ್ಜಬೇಕು. ಎಷ್ಟೇ ದೊಡ್ಡ ಬ್ಯಾಟರಿಯಿದ್ದರೂ ಬಾಗಿಲು, ಕಂಪ್ಯೂಟರು, ಸ್ವಿಚ್ಚುಗಳನ್ನು ಎಚ್ಚರಿಸುವುದು ಮಾಮೂಲಿ 12 ವೋಲ್ಟಿನ ಬ್ಯಾಟರಿ. ಅದು ಸತ್ತರೆ ಶೇ 90 ಚಾರ್ಜಿದ್ದ ಕಾರೂ ಅಲುಗದು. ರಜೆಗೆ ಹೋಗಿ ವಾರಗಟ್ಟಲೆ ನಿಲ್ಲಿಸಿ ಬಂದವರಿಗೆ ಈ ಅನುಭವ ಆಗಿಯೇ ಇರುತ್ತದೆ.

ವೈಪಿನ್ ದ್ವೀಪದ ಕಡೆ ಉಬ್ಬರದ ದಿನಗಳಲ್ಲಿ ಹಿನ್ನೀರು ಅಂಗಳಕ್ಕೇ ನುಗ್ಗುತ್ತದೆ. ಹೆಚ್ಚಿನ ಬ್ಯಾಟರಿಗಳು ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಾಳುವಂತೆ ಪರೀಕ್ಷೆಯಾಗಿರುತ್ತವೆ ನಿಜ. ಆದರೆ ಉಪ್ಪುನೀರು ಒಳಹೊಕ್ಕರೆ ಅಪಾಯ ತಡವಾಗಿ ಬರುತ್ತದೆ. 2022ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಇಯಾನ್ ಚಂಡಮಾರುತ ಇಳಿದ ಮೇಲೆ ಸಮುದ್ರದ ನೀರಿನಲ್ಲಿ ನೆನೆದ ವಿದ್ಯುತ್ ಕಾರುಗಳಿಗೆ ಬೆಂಕಿ ಹತ್ತಿತ್ತು. ಉಬ್ಬರದ ಸೂಚನೆ ಬಂದಾಗ ಕಾರನ್ನು ಸೇತುವೆಯ ಕಡೆಯ ಎತ್ತರಕ್ಕೆ ಒಯ್ದು ನಿಲ್ಲಿಸುವುದೇ ಸರಿ.

ಬ್ಯಾಟರಿಯ ಆಯಸ್ಸಿನ ಹೆದರಿಕೆ ಹಳೆಯದು, ಮತ್ತು ಅದಕ್ಕೆ ಕಾರಣ ನಮ್ಮ ಊರಿನಲ್ಲೇ ಇತ್ತು. 2001ರಲ್ಲಿ ಬೆಂಗಳೂರಿನ ಬೊಮ್ಮಸಂದ್ರದಿಂದ ಚೇತನ್ ಮೈನಿ ಅವರ ‘ರೇವಾ’ ಹೊರಬಂದಾಗ ಅದರಲ್ಲಿದ್ದದ್ದು ಎಂಟು ಸೀಸ-ಆಮ್ಲ ಬ್ಯಾಟರಿ, ಓಟ 80 ಕಿಲೋಮೀಟರ್. ಕೆಲವೇ ವರ್ಷಕ್ಕೆ ಬ್ಯಾಟರಿ ಬದಲಿಸಬೇಕಾಗುತ್ತಿತ್ತು. ಲಂಡನ್ನಿನ ಬೀದಿಗಳವರೆಗೂ ಹೋದ ಆ ಕಾರಿನ ಕಂಪನಿಯನ್ನು 2010ರಲ್ಲಿ ಮಹೀಂದ್ರ ತೆಗೆದುಕೊಂಡಿತು. ಇವತ್ತಿನ ಲಿಥಿಯಂ ಬ್ಯಾಟರಿಗೆ ಸಾಮಾನ್ಯವಾಗಿ ಎಂಟು ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ವಾರಂಟಿ ಇದೆ. ಆದರೂ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಕೊಳ್ಳುವವರ ಮನಸ್ಸಿನಿಂದ ಹಳೆಯ ಭಯ ಹೋಗಿಲ್ಲ, ಬೆಲೆ ಬೇಗ ಕುಸಿಯುತ್ತದೆ. ತಿರುವನಂತಪುರದಲ್ಲಿ 2024ರ ಜನವರಿಯಲ್ಲಿ ಸಾರಿಗೆ ಸಚಿವ ಕೆ.ಬಿ. ಗಣೇಶ್ ಕುಮಾರ್ ವಿದ್ಯುತ್ ಬಸ್ಸುಗಳು ಲಾಭದಾಯಕವಲ್ಲ ಎಂದು ಎಬ್ಬಿಸಿದ ಚರ್ಚೆಯ ಒಳಗೂ ಇದ್ದದ್ದು ಇಂಥದ್ದೇ ಲೆಕ್ಕ.

ಇಷ್ಟೆಲ್ಲದರಲ್ಲಿ ಬೇಗ ಬಗೆಹರಿಯಬಲ್ಲದ್ದು ಹೊತ್ತಿನ ಪ್ರಶ್ನೆ. ಕೇರಳ ತನಗೆ ಬೇಕಾದ ಕರೆಂಟಿನ ಬಹುಪಾಲನ್ನು ಹೊರಗಿನಿಂದ ಕೊಳ್ಳುವ ರಾಜ್ಯ. 2024ರ ಏಪ್ರಿಲ್-ಮೇ ಬಿಸಿಲಿನಲ್ಲಿ ಸಂಜೆಯ ಬೇಡಿಕೆ ದಾಖಲೆ ಮುರಿದಾಗ, ರಾತ್ರಿ ಹೊತ್ತು ಕಾರು ಚಾರ್ಜ್ ಮಾಡಬೇಡಿ ಎಂದು ವಿದ್ಯುತ್ ಮಂಡಳಿ ಕೈಮುಗಿಯಬೇಕಾಯಿತು. ಮನೆಗೆ ಬಂದು ಎಸಿ ಹಾಕಿ ಕಾರನ್ನೂ ಸಿಕ್ಕಿಸುವುದು ಎಲ್ಲರ ರೂಢಿ. ಹಗಲಲ್ಲಿ ಸೌರವಿದ್ಯುತ್ ಧಾರಾಳವಾಗಿದ್ದಾಗ ಕಾರುಗಳು ಕಚೇರಿಯ ಬಯಲಲ್ಲಿ ಸುಮ್ಮನೆ ಬೇಯುತ್ತಿರುತ್ತವೆ. ಅದಕ್ಕೇ ಕೇಂದ್ರ ಇಂಧನ ಸಚಿವಾಲಯ 2024ರ ಸೆಪ್ಟೆಂಬರಿನಲ್ಲಿ ಚಾರ್ಜಿಂಗ್ ಕೇಂದ್ರಗಳಿಗೆ ಬೆಳಗ್ಗೆ 9ರಿಂದ ಸಂಜೆ 4ರವರೆಗೆ ಶೇ 30 ಕಡಿಮೆ ದರ, ಉಳಿದ ಹೊತ್ತು ಶೇ 30 ಹೆಚ್ಚು ಎಂಬ ಮಾರ್ಗಸೂಚಿ ತಂದಿತು. ಕೇರಳ 2025ರಿಂದ ಅದನ್ನು ಜಾರಿಗೆ ತಂದಿದೆ. ಹಗಲು ಯೂನಿಟ್ಟಿಗೆ ಐದು ರೂಪಾಯಿ, ಉಳಿದ ಹೊತ್ತು ಒಂಬತ್ತು ರೂಪಾಯಿ ಮೇಲೆ. ಕಂಪನಿಯ ಪಾಲು, ತೆರಿಗೆ ಬೇರೆ.

ಒಳ್ಳೆಯ ನಿಯಮ. ಆದರೆ ಬೆಳಗ್ಗೆ ಒಂಬತ್ತರಿಂದ ನಾಲ್ಕರ ನಡುವೆ ಕೆಲಸಕ್ಕೆ ಹೋಗುವವರು ಯಾವ ಚಾರ್ಜಿಂಗ್ ಕೇಂದ್ರಕ್ಕೆ ಹೋಗಿ ಕೂರಬೇಕು? ಕಾಕ್ಕನಾಡಿನ ಇನ್ಫೋಪಾರ್ಕಿನಲ್ಲಿ, ಕಳಕ್ಕೂಟ್ಟಂನ ಟೆಕ್ನೋಪಾರ್ಕಿನಲ್ಲಿ, ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ, ವಿಕಾಸಸೌಧದ ಪಾರ್ಕಿಂಗಿನಲ್ಲಿ ಸಾವಿರಾರು ಕಾರುಗಳು ಅದೇ ಏಳು ಗಂಟೆ ಕದಲದೆ ನಿಂತಿರುತ್ತವೆ. ಅಲ್ಲಿಗೆ ಬೇಕಾದದ್ದು ಲಕ್ಷಾಂತರ ರೂಪಾಯಿಯ ವೇಗದ ಚಾರ್ಜರ್ ಅಲ್ಲ. 3.3 ಕಿಲೋವ್ಯಾಟಿನ ಮಾಮೂಲಿ ಪ್ಲಗ್ಗು ಏಳು ಗಂಟೆಯಲ್ಲಿ 23 ಯೂನಿಟ್ ಕೊಡುತ್ತದೆ, ಕಾರಿಗೆ 140 ಕಿಲೋಮೀಟರ್ ಆಯಿತು. ನಗರದೊಳಗೆ ಓಡಾಡುವವರಿಗೆ ವಾರದಲ್ಲಿ ಎರಡು ದಿನ ಪ್ಲಗ್ಗು ಸಿಕ್ಕರೆ ಸಾಕು, ಆದ್ದರಿಂದ ಎರಡು ಮೂರು ಕಾರಿಗೆ ಒಂದು ಪ್ಲಗ್ಗು ಹಂಚಿಕೊಳ್ಳಬಹುದು. ತುಲಾವರ್ಷದ, ಅಂದರೆ ಹಿಂಗಾರಿನ, ತಿಂಗಳುಗಳಲ್ಲಿ ಮಧ್ಯಾಹ್ನದ ಮೇಲೆ ಸಿಡಿಲು ಹೊಡೆಯುವ ಊರುಗಳಲ್ಲಿ ಇನ್ನೂ ಒಂದು ಅನುಕೂಲ: ಮೋಡ ಕಟ್ಟುವಷ್ಟರಲ್ಲಿ ಚಾರ್ಜಿನ ಬಹುಪಾಲು ಮುಗಿದಿರುತ್ತದೆ.

ವಲ್ಲಾರ್ಪಾಡಂನ ಓಣಿಯವರಿಗೂ ದಾರಿಯಿದೆ. ಕೇರಳ ವಿದ್ಯುತ್ ಮಂಡಳಿ 2021ರಲ್ಲಿ ಕೋಳಿಕ್ಕೋಡಿನಿಂದ ಶುರುಮಾಡಿ ದ್ವಿಚಕ್ರ, ತ್ರಿಚಕ್ರ ವಾಹನಗಳಿಗೆ ಬೀದಿಯ ಕರೆಂಟು ಕಂಬಕ್ಕೇ ಚಾರ್ಜರ್ ಕಟ್ಟಿದೆ. ರಾತ್ರಿ ರಸ್ತೆ ಬದಿ ನಿಲ್ಲುವ ಕಾರಿಗೂ ಅದೇ ಕಂಬ, ಅದೇ 3.3 ಕಿಲೋವ್ಯಾಟ್ ಸಾಕು. ಕಂಬದ ಬುಡದಲ್ಲಿ ಕಾರಿಗೆ ಜಾಗ ಗುರುತು ಹಾಕಬೇಕು, ಕೆಟ್ಟರೆ ಯಾರು ರಿಪೇರಿ ಮಾಡಬೇಕು ಎಂಬುದನ್ನು ಕಂಬದ ಮೇಲೇ ಬರೆದಿರಬೇಕು. ಕರ್ನಾಟಕದಲ್ಲಿ 5,700ಕ್ಕೂ ಹೆಚ್ಚು ಸಾರ್ವಜನಿಕ ಕೇಂದ್ರಗಳಿದ್ದರೂ ಬಹುಪಾಲು ಬೆಂಗಳೂರಿನಲ್ಲೇ ಇವೆ. ಪುತ್ತೂರು, ಸಾಗರ, ಹೊಸಪೇಟೆಯವರಿಗೆ ಇಂಥ ಕಂಬಗಳೇ ಮೊದಲು ಬೇಕು. ಕಚೇರಿಗೂ ಅಪಾರ್ಟ್‌ಮೆಂಟಿಗೂ ಬೇಕಾದ ಸಾಮಾನಿನ ಪಟ್ಟಿ ಇನ್ನೂ ಚಿಕ್ಕದು: ಒಳ್ಳೆಯ ಸಾಕೆಟ್ಟು, ಆರ್‌ಸಿಸಿಬಿ, ಒಂದು ಸಣ್ಣ ಮೀಟರು, ಸರಿಯಾದ ಅರ್ತಿಂಗ್, ಬಿಲ್ಲು ಹಂಚುವ ಒಬ್ಬ ಗುಮಾಸ್ತ.